ಫೈರ್ ರೇಟೆಡ್ ಗಾಜು: ಸಂಖ್ಯೆಯ ಎಡಗಡೆ ಇರುವ ಅಕ್ಷರ

ಹೊಸ ಆಸ್ಪತ್ರೆಯೋ ಮಾಲೋ ಕಟ್ಟುವ ಕಡೆ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: 'ಇಲ್ಲೆಲ್ಲ ಎರಡು ಗಂಟೆಯ ಫೈರ್ ಗ್ಲಾಸ್.' ಕೇಳಿದವರಿಗೆ ಸಮಾಧಾನವಾಗುತ್ತದೆ. ಆದರೆ ಆ ಎರಡು ಗಂಟೆ ಗಾಜು ತಡೆಯುವುದು ಏನನ್ನು? ಉರಿಯನ್ನೋ, ಕಾವನ್ನೋ, ಎರಡನ್ನೂನೋ? ಅದನ್ನು ಹೇಳುವುದು ನಿಮಿಷದ ಸಂಖ್ಯೆಯ ಎಡಗಡೆ ಇರುವ ಒಂದೆರಡು ಅಕ್ಷರ. ಗಾಜು ಆರಿಸುವಾಗ ಜಾಸ್ತಿ ತಪ್ಪಾಗುವುದು ಅಲ್ಲೇ.

ಮೊದಲು ಮಾಮೂಲಿ ಗಾಜನ್ನು ನೋಡೋಣ. ಉರಿಯುತ್ತಿರುವ ಲಾಟೀನಿನ ಬುರುಡೆಗೆ ಒಂದು ಹನಿ ನೀರು ಸಿಡಿದರೆ ಸಾಕು, ಟಪ್ಪನೆ ಸೀಳುತ್ತದೆ. ಒಂದು ಕಡೆ ಕಾದು ಹಿಗ್ಗಿದ ಗಾಜು, ಪಕ್ಕದಲ್ಲೇ ತಣ್ಣಗಾದ ಗಾಜು. ಆ ಜಗ್ಗಾಟ ಅದಕ್ಕೆ ತಾಳುವುದಿಲ್ಲ. ಕಿಟಕಿಯಲ್ಲೂ ಇದೇ ಆಗುತ್ತದೆ. ಬೆಂಕಿ ಹತ್ತಿದಾಗ ಗಾಜಿನ ನಡುಭಾಗ ಬೇಗ ಕಾಯುತ್ತದೆ, ಚೌಕಟ್ಟಿನೊಳಗೆ ಅಡಗಿದ ಅಂಚು ತಣ್ಣಗೇ ಇರುತ್ತದೆ. ಬಿರುಕು ಅಂಚಿನಿಂದ ಶುರುವಾಗುತ್ತದೆ. ಕಾಯಿಸಿ ಥಟ್ಟನೆ ತಣಿಸಿ ಮಾಡಿದ ಟಫನ್ಡ್ ಗಾಜು ಇದಕ್ಕಿಂತ ಗಟ್ಟಿ, ಸುಮಾರು 200 ಡಿಗ್ರಿ ವ್ಯತ್ಯಾಸ ತಾಳುತ್ತದೆ. ಆದರೆ ಗಾಜು ಬೆಂಕಿಯನ್ನು ಎಷ್ಟು ಹೊತ್ತು ತಾಳುತ್ತದೆ ಎಂದು ನೋಡುವ ಪರೀಕ್ಷೆಯ ಕುಲುಮೆಯಲ್ಲಿ ಬಿಸಿ ಐದೇ ನಿಮಿಷಕ್ಕೆ 576 ಡಿಗ್ರಿ ಮುಟ್ಟುತ್ತದೆ. ಅರ್ಧ ಗಂಟೆಗೆ 842, ಒಂದು ಗಂಟೆಗೆ 945. ಅಷ್ಟು ಹೊತ್ತಿಗೆ ಮಾಮೂಲಿ ಟಫನ್ಡ್ ಗಾಜು ಹರಳು ಹರಳಾಗಿ ಉದುರಿರುತ್ತದೆ. 'ಟಫನ್ಡ್ ಹಾಕಿದ್ದೇವಲ್ಲ, ಅದೇ ಫೈರ್ ಗ್ಲಾಸ್' ಎಂದರೆ ದಯವಿಟ್ಟು ಒಪ್ಪಬೇಡಿ.

ಈಗ ಅಕ್ಷರಗಳಿಗೆ ಬರೋಣ. ಇವು ಯುರೋಪಿನ ಪದ್ಧತಿಯ ಇಂಗ್ಲಿಷ್ ಅಕ್ಷರಗಳು (E, W, I), ನಮ್ಮಲ್ಲಿ ಗಾಜು ಮಾರುವವರೂ ಇವನ್ನೇ ಬಳಸುತ್ತಾರೆ. 'ಇ' ಅಂದರೆ ಗಾಜು ಜಾಗ ಬಿಟ್ಟು ಬೀಳುವುದಿಲ್ಲ, ಸಂದು ಬಿಡುವುದಿಲ್ಲ, ಜ್ವಾಲೆಯೂ ಬಿಸಿ ಅನಿಲವೂ ಆಚೆ ದಾಟುವುದಿಲ್ಲ. 'ಇ 120' ಎಂದರೆ ಇಷ್ಟನ್ನು 120 ನಿಮಿಷ ಮಾಡುತ್ತದೆ. ಆಚೆ ಬದಿಯಲ್ಲಿ ನಿಂತವರಿಗೆ ಎಷ್ಟು ಕಾವು ಬಡಿಯುತ್ತದೆ ಎನ್ನುವುದರ ಬಗ್ಗೆ 'ಇ' ಏನೂ ಹೇಳುವುದಿಲ್ಲ.

ಆ ಕಾವು ಎಂಥದ್ದು ಅಂತ ಬಚ್ಚಲುಮನೆಯ ಹಂಡೆ ಒಲೆ ಮುಂದೆ ಕೂತವರಿಗೆ ಗೊತ್ತು. ಉರಿ ಒಲೆಯೊಳಗೇ ಇರುತ್ತದೆ, ಮೈಗೆ ತಾಗುವುದಿಲ್ಲ. ಆದರೂ ಮೊಣಕಾಲು ಚುರುಚುರು ಅಂದು ಹಿಂದೆ ಸರಿಯುತ್ತೇವೆ. 'ಇ' ದರ್ಜೆಯ ಗಾಜಿನಲ್ಲಿ ಈ ಕಾವು ಧಾರಾಳವಾಗಿ ಹಾಯುತ್ತದೆ, ಜೊತೆಗೆ ಕಾದ ಗಾಜೇ ಕಾವು ಸೂಸುತ್ತದೆ. ಹಳೆಯ ಕಟ್ಟಡಗಳ ತಂತಿಬಲೆ ಗಾಜು ಈ ಜಾತಿಯದು. ಸೀಳಿದರೂ ಬಲೆ ಹಿಡಿದುಕೊಂಡಿರುತ್ತದೆ, ಆದರೆ ಅದರ ಪಕ್ಕ ನಡೆದು ಹೋಗುವುದು ಕಷ್ಟ. 'ಇಡಬ್ಲ್ಯು' ದರ್ಜೆ ಕಾವಿಗೆ ಒಂದು ಮಿತಿ ಹಾಕುತ್ತದೆ: ಗಾಜಿನಿಂದ ಒಂದು ಮೀಟರ್ ದೂರದಲ್ಲಿ ಚದರ ಮೀಟರಿಗೆ 15 ಕಿಲೋವ್ಯಾಟ್ ಮೀರಬಾರದು. ಆದರೆ ತಪ್ಪಿಸಿಕೊಂಡು ಓಡುವವರು ತಾಳಬಲ್ಲ ಕಾವು ಎಂದು ಎಂಜಿನಿಯರುಗಳು ಲೆಕ್ಕ ಹಿಡಿಯುವುದು 2.5 ಕಿಲೋವ್ಯಾಟ್ ಮಾತ್ರ. ಆ ಮಿತಿಯ ಆರನೇ ಒಂದು ಪಾಲು!

'ಐ' ಅಕ್ಷರವೂ ಸೇರಿ 'ಇಐ' ಆದರೆ ಕಾವನ್ನೂ ತಡೆಯಲೇಬೇಕು. ಕುಲುಮೆಯ ಕಡೆ 945 ಡಿಗ್ರಿ ಇದ್ದರೂ ಈಚೆ ಮುಖದ ಬಿಸಿ ಸರಾಸರಿ 140 ಡಿಗ್ರಿಗಿಂತ ಹೆಚ್ಚು ಏರಕೂಡದು, ಯಾವ ಒಂದು ಜಾಗದಲ್ಲೂ ಆ ಏರಿಕೆ 180 ದಾಟಕೂಡದು. ಇಷ್ಟು ತೆಳ್ಳಗಿನ ವಸ್ತು ಇದನ್ನು ಹೇಗೆ ಮಾಡುತ್ತದೆ? ಹಲವು ಗಾಜಿನ ಹಾಳೆಗಳ ನಡುವೆ ಸೋಡಿಯಂ ಸಿಲಿಕೇಟಿನ ತಿಳಿ ಪದರಗಳಿರುತ್ತವೆ. ಸುಮಾರು 120 ಡಿಗ್ರಿಗೆ ಪದರದೊಳಗಿನ ನೀರು ಆವಿಯಾಗಿ ಅದು ನೊರೆಯಂತೆ ಉಬ್ಬುತ್ತದೆ. ಪಟಿಕವನ್ನು ಕಾವಲಿ ಮೇಲೆ ಹುರಿದಾಗ ಬೆಳ್ಳಗೆ ಅರಳುತ್ತದಲ್ವಾ, ಹಾಗೆ. ಬೆಂಕಿಯ ಬದಿಯ ಹಾಳೆ ಬಿರಿದರೆ ಅದರ ಹಿಂದಿನ ಪದರ ಅರಳುತ್ತದೆ, ಆಮೇಲೆ ಅದರ ಹಿಂದಿನದು. ತಿಳಿಯಾಗಿದ್ದ ಗಾಜು ಬಿಳಿ ಗೋಡೆಯೇ ಆಗಿಬಿಡುತ್ತದೆ. ಓಡುವ ಜನರ ಕಣ್ಣಿಗೆ ಉರಿ ಕಾಣದೆ ಗಾಬರಿ ಕಡಿಮೆಯಾಗುವುದೂ ಒಂದು ಲಾಭ. ನನಗೆ ಈ ಗಾಜಿನಲ್ಲಿ ಬಹಳ ಇಷ್ಟವಾದ ಗುಣ ಇದೇ.

ಎಲ್ಲಿಗೆ ಯಾವುದು? ಮೆಟ್ಟಿಲ ಸುತ್ತ, ಲಿಫ್ಟ್ ಲಾಬಿಯಲ್ಲಿ, ಜನ ಹೊರಗೆ ಓಡುವ ಕಾರಿಡಾರಿನಲ್ಲಿ ಗಾಜಿನ ಗೋಡೆ ಬೇಕೆಂದರೆ 'ಇಐ' ಬಿಟ್ಟು ಬೇರೆ ಯೋಚಿಸಬಾರದು ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಆಸ್ಪತ್ರೆಯಲ್ಲಂತೂ ರೋಗಿಗಳನ್ನು ಸ್ಟ್ರೆಚರಿನಲ್ಲಿ ನಿಧಾನವಾಗಿ ಸಾಗಿಸಬೇಕು, ಕಾವಿನ ಪಕ್ಕ ಕಳೆಯುವ ಹೊತ್ತು ಜಾಸ್ತಿ. ಬೆಲೆ ದುಬಾರಿ ನಿಜ. ಉಳಿಸಲೇಬೇಕಿದ್ದರೆ ಗಾಜಿನ ಅಳತೆ ಕಡಿಮೆ ಮಾಡಿ, ದರ್ಜೆ ಇಳಿಸಬೇಡಿ. ತಲೆಗಿಂತ ಎತ್ತರದ ಪಟ್ಟಿ, ಬಾಗಿಲಿನ ಪುಟ್ಟ ನೋಟದ ಕಿಂಡಿ, ಇಂಥ ಕಡೆ ನಿಯಮ ಒಪ್ಪಿದರೆ 'ಇ' ನಡೆಯಬಹುದು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಲಿಫ್ಟ್ ಲಾಬಿಗೂ ಮೆಟ್ಟಿಲಿಗೂ ಹೋಗುವ ಕಡೆ 120 ನಿಮಿಷದ ಬಾಗಿಲು ಕೇಳುತ್ತದೆ. ಆ ಕಿಂಡಿಯ ಗಾಜು ಬಾಗಿಲಿನ ಜೊತೆಗೇ ಪರೀಕ್ಷೆಯಾಗಿರಬೇಕು.

ಹೊಗೆಯ ಮಾತು ಬೇರೆಯೇ ಇದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಅಲ್ಲಿ ಜನರನ್ನು ಕಂಗೆಡಿಸಿದ್ದು ಮಹಡಿಗಳಿಗೆ ನುಗ್ಗಿದ ಹೊಗೆ. ಬಾಗಿಲ ಸಂದಿನಲ್ಲಿ ಹೊಗೆ ಎಷ್ಟು ಸೋರುತ್ತದೆ ಎನ್ನುವುದಕ್ಕೆ ಪ್ರತ್ಯೇಕ ಪರೀಕ್ಷೆ ಇದೆ. ಗಾಜಿನ ಬಾಗಿಲು ಕೊಳ್ಳುವಾಗ ಅದನ್ನೂ ಕೇಳಿ.

ಇನ್ನು ಚೌಕಟ್ಟು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಅರ್ಧ ಗಂಟೆಗೆ 842 ಡಿಗ್ರಿ ಆಗುವ ಕಡೆ ಮಾಮೂಲಿ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಎಂಥ ಗಾಜು ಕೂರಿಸಿದರೂ ಅದು ನಿಲ್ಲುವುದಿಲ್ಲ. ಒಂದು ಗಂಟೆಯ ಇಐ ಗಾಜು ಸಾಮಾನ್ಯವಾಗಿ 23 ಮಿಲಿಮೀಟರ್ ದಪ್ಪ, ಚದರ ಮೀಟರಿಗೆ 50 ಕೆಜಿಗಿಂತ ಜಾಸ್ತಿ ತೂಕ. ಕೀಲು, ಸ್ಕ್ರೂ, ಸಂದಿನ ಪಟ್ಟಿ ಎಲ್ಲವೂ ಅದನ್ನು ಹೊರಬೇಕು. ದರ್ಜೆ ಸಿಗುವುದು ಈ ಇಡೀ ಜೋಡಣೆಗೆ. ಆದ್ದರಿಂದ ಪ್ರಮಾಣಪತ್ರ ಓದುವಾಗ ನಿಮ್ಮದೇ ಚೌಕಟ್ಟು ಅದರಲ್ಲಿ ಇದೆಯೇ, ನಿಮ್ಮ ಗಾಜಿನ ಅಳತೆ ಅದು ಒಪ್ಪಿದ ಅಳತೆಯೊಳಗೆ ಇದೆಯೇ ನೋಡಿ.

ನಮ್ಮ ಬಿಸಿಲನ್ನೂ ಮರೆಯಬಾರದು. ಉಬ್ಬುವ ಪದರ ಬಿಸಿಲಿನ ನೇರಳಾತೀತ ಕಿರಣಕ್ಕೂ ತೇವಕ್ಕೂ ಕೆಡುತ್ತದೆ. ಇಂಥ ಅನೇಕ ಗಾಜುಗಳಿಗೆ ತಯಾರಕರು ಹೇಳುವ ಗರಿಷ್ಠ ಬಿಸಿ 45 ಅಥವಾ 50 ಡಿಗ್ರಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಪಡುವಣ ಬಿಸಿಲಿಗೆ ಒಡ್ಡಿದ ಗಾಜು ಅದನ್ನು ಸಲೀಸಾಗಿ ದಾಟುತ್ತದೆ. ಹೊರಗೋಡೆಗೆ ಬೇಕಿದ್ದರೆ ಹೊರಗೆಂದೇ ಮಾಡಿದ್ದನ್ನು ತರಿಸಿ. ತೇವ ಒಳಗೆ ಹೋಗದಂತೆ ಅಂಚಿಗೆ ಸುತ್ತಿದ ಟೇಪು ಹರಿಯಬಾರದು. ಸೈಟಿನಲ್ಲಿ ಕತ್ತರಿಸುವ ಹಾಗಿಲ್ಲ, ಅಳತೆ ಮೊದಲೇ ಕೊಡಬೇಕು. ಮೂಲೆಯಲ್ಲಿ ಗಾಜಿನ ಹೆಸರಿರುವ ಅಳಿಸಲಾಗದ ಮುದ್ರೆ ಇರುತ್ತದೆ. ಚೌಕಟ್ಟಿನ ಹಿಂದೆ ಅದು ಮುಚ್ಚಿಹೋಗದ ಹಾಗೆ ಕೂರಿಸಲು ಮೊದಲೇ ಹೇಳಿ. ಹತ್ತು ವರ್ಷದ ಮೇಲೆ ಆ ಗಾಜು ಒಡೆದರೆ, ಯಾವುದನ್ನು ತರಬೇಕು ಎಂದು ರಿಪೇರಿಗೆ ಬಂದವರು ಅದನ್ನು ನೋಡಿಯೇ ತಿಳಿಯಬೇಕು.