ಅಜ್ಜಿಗೆ ಕೇಳಿಸಿದ ‘ನಿಯಮಿತವಾಗಿ’

ಪ್ರತಿ ವರ್ಷ ಫಾರ್ಮ್‌ಡಿ (ಔಷಧಶಾಸ್ತ್ರದ ಪದವಿ) ವಿದ್ಯಾರ್ಥಿಗಳ ಪ್ರಾಜೆಕ್ಟ್ ಕಾಲಕ್ಕೆ ನನ್ನ ಮೇಜಿಗೆ ಒಂದೇ ಪ್ರಶ್ನಾವಳಿ ಬೇರೆಬೇರೆ ಹೆಸರಿನಲ್ಲಿ ಬರುತ್ತದೆ. ಬಿಪಿ, ಸಕ್ಕರೆ ಕಾಯಿಲೆಯವರು ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳುತ್ತಾರೆಯೇ ಎಂಬ ಅಧ್ಯಯನ. ಮೊದಲ ಪ್ರಶ್ನೆ: ‘ತಾವು ಔಷಧಿಗಳನ್ನು ನಿಯಮಿತವಾಗಿ ಸೇವಿಸುತ್ತೀರಾ?’ ಬಹುತೇಕ ಎಲ್ಲರದೂ ‘ಹೌದು’. ವಿದ್ಯಾರ್ಥಿಗೆ ಸಂತೋಷ, ನನಗೆ ತಲೆನೋವು. ಶ್ರೀಮಂತ ದೇಶಗಳಲ್ಲೇ ದೀರ್ಘಕಾಲದ ಕಾಯಿಲೆಗಳಲ್ಲಿ ಔಷಧಿ ಪಾಲನೆ, ಅಂದರೆ ಹೇಳಿದಂತೆ ಔಷಧಿ ತೆಗೆದುಕೊಳ್ಳುವುದು, ಸರಾಸರಿ ಶೇ 50ರಷ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿ ಹೇಳಿತ್ತು. ನಮ್ಮ ಹೊರರೋಗಿ ವಿಭಾಗ ಅವರನ್ನೆಲ್ಲ ಮೀರಿಸಿಬಿಟ್ಟಿತೇ?

ಒಮ್ಮೆ ನಾನೇ ಹೋಗಿ ವಿದ್ಯಾರ್ಥಿನಿಯೊಬ್ಬಳ ಪಕ್ಕದಲ್ಲಿ ಕುಳಿತೆ. ಎದುರಿಗೆ ಬಿಪಿಯ ಅಜ್ಜಿಯೊಬ್ಬರು. ವಿದ್ಯಾರ್ಥಿನಿ ಪ್ರಶ್ನೆ ಓದಿದಳು. ಅಜ್ಜಿ ನಕ್ಕು, ‘ಹೌದು ತಾಯಿ, ಮಿತವಾಗಿಯೇ ತೆಗೆದುಕೊಳ್ಳುತ್ತೇನೆ. ಜಾಸ್ತಿಯಾದರೆ ಉಷ್ಣವಲ್ಲವೇ?’ ಎಂದರು. ಹುಡುಗಿ ‘ಹೌದು’ ಎಂಬಲ್ಲಿ ಗುರುತು ಹಾಕಿದಳು!

ಆ ಪ್ರಶ್ನೆ ಅಳೆಯುವುದು ಮಾತ್ರೆಯನ್ನಲ್ಲ, ಮರ್ಯಾದೆಯನ್ನು. ಬಿಳಿ ಕೋಟಿನವರ ಮುಂದೆ ‘ಇಲ್ಲ’ ಎನ್ನುವುದು ನಮ್ಮವರಿಗೆ ಒರಟುತನ. ‘ಒಂದೆರಡು ದಿನ ಎಲ್ಲರಿಗೂ ತಪ್ಪುತ್ತದೆ, ಹೋದ ವಾರ ನಿಮಗೆ ಎಷ್ಟು ದಿನ ತಪ್ಪಿತು?’ ಎಂದು ಕೇಳಿ ನೋಡಿ. ಆಗಲೂ ಒಂದು ಗಂಟು ಉಳಿಯುತ್ತದೆ. ಮರೆತವರು ಬೇರೆ, ಬೇಕೆಂದೇ ಬಿಟ್ಟವರು ಬೇರೆ. ಮರೆತವರಿಗೆ ಮೊಬೈಲ್ ಅಲಾರಾಂ ಸಾಕಾಗಬಹುದು. ಉಷ್ಣವೆಂದೋ, ಉಪವಾಸವೆಂದೋ, ಮಗ ದುಡ್ಡು ಕಳಿಸಿಲ್ಲವೆಂದೋ ಬಿಟ್ಟವರಿಗೆ ಅಲಾರಾಂ ಹೊಡೆದು ಏನು ಬಂತು? ಈ ಇಬ್ಬರನ್ನೂ ಒಂದೇ ಕಾಲಂಗೆ ತುಂಬಬೇಡಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಅಂಗಡಿಯ ಮಾರಾಟ ದಾಖಲೆ ನೋಡಬಾರದೇ ಎಂದು ಕೆಲವರು ಕೇಳುತ್ತಾರೆ. ವಿದೇಶದ ಅಧ್ಯಯನಗಳಲ್ಲಿ ಅದು ನಡೆಯುತ್ತದೆ. ಇಲ್ಲಿ ಶೆಡ್ಯೂಲ್ ಎಚ್1 ಎಂಬ ಬಿಗಿ ನಿಗಾದ ಸರ್ಕಾರಿ ಪಟ್ಟಿಯ ಔಷಧಿಗಳಿಗೆ ಪ್ರತ್ಯೇಕ ರಿಜಿಸ್ಟರ್ ಇಟ್ಟು ಮೂರು ವರ್ಷ ಕಾಪಾಡಬೇಕು, ನಿಜ. ಆದರೆ ಬಿಪಿ ಮಾತ್ರೆ ಆ ಪಟ್ಟಿಯದಲ್ಲ. ಜನ ಇಂದು ಈ ಅಂಗಡಿ, ನಾಳೆ ಆ ಅಂಗಡಿ. ‘ನಾಲ್ಕು ಕತ್ತರಿಸಿ ಕೊಡಿ’ ಎನ್ನುತ್ತಾರೆ. ಉಳಿದ ಮಾತ್ರೆ ಎಣಿಸುವುದು ಎಷ್ಟೋ ವಾಸಿ. ಅದನ್ನೂ ಪೂರ್ತಿ ನಂಬುವಂತಿಲ್ಲ; ಎಣಿಸುತ್ತಾರೆಂದು ಗೊತ್ತಾದರೆ ಬಚ್ಚಲಿಗೆ ಸುರಿದು ಬರುವವರೂ ಇದ್ದಾರೆ.

ಅಜ್ಜಿಗೆ ಅದು ಗೊತ್ತಿರಲಿಲ್ಲ. ‘ಮಾತ್ರೆ ಎಷ್ಟು ಉಳಿದಿವೆ ಅಜ್ಜಿ?’ ಎಂದು ನಾನು ಕೇಳಿದ್ದೇ ತಡ, ಎಲೆಯಡಿಕೆ ಚೀಲ ಬಿಚ್ಚಿ ಒಂದು ಸ್ಟ್ರಿಪ್ ತೆಗೆದರು. ತಿಂಗಳ ಹಿಂದೆ ಕೊಂಡದ್ದು ಹತ್ತು. ಆರು ಹಾಗೆಯೇ ಇದ್ದವು. ‘ತಲೆ ಸುತ್ತಿದ್ದು ನಾಲ್ಕೇ ದಿನ’ ಎಂದರು, ಹೆಮ್ಮೆಯಿಂದ.