ನುಂಗಿದ ಸೀಸ: ಮೊದಲು ವಸ್ತು, ಆಮೇಲೆ ಔಷಧಿ

ಮಗು ನಾಣ್ಯ ನುಂಗಿದೆ ಅಂತ ಕರೆತಂದರೆ ನಮ್ಮ ಭಯವೆಲ್ಲ ಗಂಟಲಿನದ್ದು. ಎಕ್ಸ್‌ರೇಯಲ್ಲಿ ಅದು ಹೊಟ್ಟೆಗೆ ಇಳಿದಿದ್ದು ಕಂಡರೆ ಅರ್ಧ ಸಮಾಧಾನ. ಆದರೆ ಅದು ಗಾಳಕ್ಕೆ ಕಟ್ಟುವ ಸೀಸದ ಗುಂಡೋ, ಅಗ್ಗದ ಪದಕವೋ ಆಗಿದ್ದರೆ ಲೆಕ್ಕ ತಲೆಕೆಳಗು. ಸೀಸಕ್ಕೆ ಹೊಟ್ಟೆಯೇ ಕೆಟ್ಟ ಜಾಗ. ಅಲ್ಲಿನ ಆಮ್ಲ ಅದನ್ನು ಕರಗಿಸುತ್ತಲೇ ಇರುತ್ತದೆ, ಕರಗಿದ್ದು ಕರುಳಿನಿಂದ ರಕ್ತಕ್ಕೆ ಹೋಗುತ್ತದೆ.

ಅಮೆರಿಕದ ಎರಡು ಪ್ರಕರಣ ಜೊತೆಗಿಟ್ಟು ಓದಿ. 2003ರಲ್ಲಿ ಆರೆಗನ್‌ನ 4 ವರ್ಷದ ಹುಡುಗ ನಾಣ್ಯ ಹಾಕಿದರೆ ಆಟಿಕೆ ಕೊಡುವ ಯಂತ್ರದಿಂದ ಬಂದ ಪದಕ ನುಂಗಿದ್ದ. ರಕ್ತದಲ್ಲಿ ಸೀಸ ಡೆಸಿಲೀಟರಿಗೆ 123 ಮೈಕ್ರೋಗ್ರಾಂ. ಎಂಡೋಸ್ಕೋಪಿಯಲ್ಲಿ (ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ) ಪದಕ ತೆಗೆದರು, ಹುಡುಗ ಉಳಿದ. 2006ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಅದೇ ವಯಸ್ಸಿನ ಇನ್ನೊಬ್ಬ ವಾಂತಿ ಅಂತ ಬಂದ. ವೈರಸ್ ಇರಬೇಕು ಅಂತ ಮನೆಗೆ ಕಳಿಸಿದರು. ಮತ್ತೆ ಬಂದಾಗ ಮಿದುಳು ಊದಿತ್ತು, ಸೀಸ 180. ಅವನು ಉಳಿಯಲಿಲ್ಲ. ಹೊಟ್ಟೆಯಲ್ಲಿದ್ದ ಹೃದಯದಾಕಾರದ ಪದಕದಲ್ಲಿ 99.1% ಸೀಸ! ವಾಂತಿ, ಹೊಟ್ಟೆನೋವು ಸೀಸಕ್ಕೂ ಬರುತ್ತವೆ, ಮಾಮೂಲಿ ಭೇದಿಗೂ ಬರುತ್ತವೆ. ಯಾಮಾರುವುದು ಇಲ್ಲೇ.

ವಸ್ತು ಹೊಟ್ಟೆಯಲ್ಲಿದ್ದರೆ ಕಾಯದೆ ಎಂಡೋಸ್ಕೋಪಿ. ಕರುಳಿಗೆ ಜಾರಿದ್ದರೆ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣ ಕೊಟ್ಟು ತೊಳೆದು ಹೊರಗೆ ಕಳಿಸುವುದು, ಎಕ್ಸ್‌ರೇಯಲ್ಲಿ ಹಿಂಬಾಲಿಸುವುದು. ಸೀಸ ಒಳಗೇ ಇಟ್ಟುಕೊಂಡು ಬರೀ ಔಷಧಿ ಕೊಡುವುದೆಂದರೆ ನಲ್ಲಿ ನಿಲ್ಲಿಸದೆ ನೆಲ ಒರೆಸಿದ ಹಾಗೆ. ಮಿದುಳಿಗೆ ತಗುಲಿದ್ದರೆ ಮಾತ್ರ ಎರಡೂ ಒಟ್ಟೊಟ್ಟಿಗೆ.

ಔಷಧಿ ಅಂದರೆ ಕೀಲೇಶನ್, ಸೀಸವನ್ನು ಹಿಡಿದು ಮೂತ್ರದಲ್ಲಿ ಸಾಗಿಸುವುದು. ಮಕ್ಕಳ ರಕ್ತದಲ್ಲಿ ಸೀಸ 45 ದಾಟಿದರೆ ಬಾಯಿಗೆ ಸಕ್ಸಿಮರ್, ಒಟ್ಟು 19 ದಿನ (ಕೊಳೆತ ಮೊಟ್ಟೆಯ ವಾಸನೆ, ಮಕ್ಕಳು ಸುಮ್ನೆ ನುಂಗುವುದಿಲ್ಲ). 70 ದಾಟಿದರೆ ಅಥವಾ ಫಿಟ್ಸ್, ಮಂಪರು ಇದ್ದರೆ ಮೊದಲು ಡೈಮರ್ಕಪ್ರಾಲ್ ಸೂಜಿ, 4 ಗಂಟೆ ಬಿಟ್ಟು ಕ್ಯಾಲ್ಸಿಯಂ ಇಡಿಟಿಎ. ಈ ಕ್ರಮ ತಪ್ಪಬಾರದು: ಇಡಿಟಿಎ ಒಂದನ್ನೇ ಕೊಟ್ಟರೆ ಮಿದುಳಿನ ತೊಂದರೆ ಜಾಸ್ತಿಯಾಗಬಹುದು. ಡೈಮರ್ಕಪ್ರಾಲ್ ಇರುವುದು ಕಡಲೆಕಾಯಿ ಎಣ್ಣೆಯಲ್ಲಿ, ಅಲರ್ಜಿ ಕೇಳಿಕೊಳ್ಳಿ. ಬಾಟಲಿ ಮೇಲೆ 'ಕ್ಯಾಲ್ಸಿಯಂ' ಎಂಬ ಪದ ಇದೆಯಾ ಅಂತ ಎರಡು ಸಲ ನೋಡಿ. ಬರೀ ಡೈಸೋಡಿಯಂ ಇಡಿಟಿಎ ರಕ್ತದ ಕ್ಯಾಲ್ಸಿಯಂ ಇಳಿಸಿ ಪ್ರಾಣ ತೆಗೆದದ್ದಿದೆ.

ಔಷಧಿ ನಿಲ್ಲಿಸಿದ ಮೇಲೆ ಮೂಳೆಯಲ್ಲಿ ಅಡಗಿದ್ದ ಸೀಸ ಹೊರಬಂದು ಮಟ್ಟ ಮತ್ತೆ ಏರುತ್ತದೆ. ಹಾಗಂತ ಪ್ರತಿ ಸಲ ಮೂಳೆಯನ್ನೇ ದೂರಬೇಡಿ, ಇನ್ನೊಂದು ಎಕ್ಸ್‌ರೇ ತೆಗೆಸಿ. ಬೇಟೆ ಮಾಂಸದ ಜೊತೆ ಹೊಟ್ಟೆ ಸೇರಿದ ಕೋವಿಯ ಸೀಸದ ಚರೆ ಅಪೆಂಡಿಕ್ಸ್‌ನಲ್ಲಿ ಕೂತುಬಿಡುವುದೂ ಉಂಟು.