ಬೋರ್ಡ್ ಕೆಲಸದಲ್ಲಿ ಉಳಿಯುವ ತುಂಡುಗಳು: ಕಲಬುರಗಿಯ ಬಿಸಿಲಿಗೆ ತಕ್ಕ ಸಂಗ್ರಹ ಮತ್ತು ಮರುಬಳಕೆ

ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಎಸಿಪಿ ಶೀಟಿನ (ಎರಡು ತೆಳು ಅಲ್ಯೂಮಿನಿಯಂ ಪದರಗಳ ನಡುವೆ ಪ್ಲಾಸ್ಟಿಕ್ ಇರುವ ಹಾಳೆ) ವಿಸ್ತೀರ್ಣ 32 ಚದರ ಅಡಿ. ಅದರಿಂದ 7 ಅಡಿ 8 ಇಂಚು ಉದ್ದ, 3 ಅಡಿ ಎತ್ತರದ ಅಂಗಡಿ ಬೋರ್ಡ್ ಮಾಡಬೇಕೆಂದರೆ, ನಾಲ್ಕೂ ಬದಿಗೆ ಎರಡೆರಡು ಇಂಚು ಮಡಚಲು ಬಿಟ್ಟುಕೊಂಡು 8 ಅಡಿಗೆ 3 ಅಡಿ 4 ಇಂಚಿನಂತೆ ಕತ್ತರಿಸುತ್ತೇವೆ. ಉಳಿಯುವುದು 8 ಅಡಿ ಉದ್ದ, 8 ಇಂಚು ಅಗಲದ ಒಂದು ಪಟ್ಟಿ, ಅಂದರೆ ಇಡೀ ಶೀಟಿನ ಆರನೆಯ ಒಂದು ಭಾಗ. ಗಿರಾಕಿ ಪೂರ್ತಿ ಶೀಟಿನ ಹಣ ಕೊಟ್ಟಿರುತ್ತಾನೆ ಎಂಬ ಕಾರಣಕ್ಕೆ ಈ ಪಟ್ಟಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗೋಡೆಗೆ ಒರಗಿಸಿ ಮುಂದಿನ ಕೆಲಸಕ್ಕೆ ಹೋಗುತ್ತೇವೆ. ಹಾಗೆ ಒರಗಿಸಿದ ಪಟ್ಟಿಗಳೇ ಕೆಲವು ತಿಂಗಳಲ್ಲಿ ಓಡಾಡುವ ಜಾಗವನ್ನು ನುಂಗಿ, ಕೊನೆಗೆ ಗುಜರಿಗೆ ಹೋಗುತ್ತವೆ.

ಅದೇ ಪಟ್ಟಿಯಲ್ಲಿ ಏನಾಗಬಹುದು ಎಂಬುದನ್ನು ಅಳತೆ ಹಿಡಿದೇ ನೋಡೋಣ. ಆಸ್ಪತ್ರೆ, ಶಾಲೆ, ಕಚೇರಿಗಳ ಕೋಣೆ ಬಾಗಿಲಿಗೆ ಹಾಕುವ 12 ಇಂಚು ಉದ್ದ, 8 ಇಂಚು ಎತ್ತರದ ಫಲಕಗಳು ಇದರಲ್ಲಿ ಎಂಟು ಆಗಬೇಕು ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಆದರೆ ಎಂಟು ಫಲಕಕ್ಕೆ ಏಳು ಸಲ ಕತ್ತರಿಸಬೇಕು. ಗರಗಸದ ಅಲಗು ಪ್ರತಿ ಸಲವೂ ಸುಮಾರು 3 ಮಿ.ಮೀ. ತಿನ್ನುತ್ತದೆ, ಒಟ್ಟು 21 ಮಿ.ಮೀ. ಪುಡಿಯಾಗಿ ಹೋಗುತ್ತದೆ. ಹಾಗಾಗಿ ಸರಿಯಾಗಿ 12 ಇಂಚಿನ ಫಲಕಗಳು ಏಳೇ ಸಿಗುತ್ತವೆ. ಎಂಟು ಬೇಕೇ ಬೇಕೆಂದರೆ 2440 ಮಿ.ಮೀ. ಉದ್ದದ ಶೀಟಿನಲ್ಲಿ ಪ್ರತಿ ಫಲಕವನ್ನು 302 ಮಿ.ಮೀ. ಎಂದು ಮೊದಲೇ ನಿಗದಿ ಮಾಡಿಕೊಳ್ಳಬೇಕು. ಮೊದಲ ಕಡಿತವೂ ಅಲಗಿನಷ್ಟು ತಿಂದಿರುವುದರಿಂದ ಪಟ್ಟಿಯ ಅಗಲವೂ 8 ಇಂಚಿಗೆ ತುಸು ಕಡಿಮೆಯೇ ಇರುತ್ತದೆ. ಆದ್ದರಿಂದ ಉಳಿಕೆಯ ಲೆಕ್ಕವನ್ನು ಕತ್ತರಿಸಿದ ಮೇಲೆ ಮಾಡಿದರೆ ತಡವಾಯಿತು; ಶೀಟಿನ ಮೇಲೆ ಮೊದಲ ಗೆರೆ ಎಳೆಯುವಾಗಲೇ ಉಳಿಯುವ ಭಾಗಕ್ಕೂ ಒಂದು ಕೆಲಸ ಗೊತ್ತು ಮಾಡಿರಬೇಕು, ಮತ್ತು ಉಳಿಕೆ ನಾಲ್ಕು ಮೂಲೆಗಳಲ್ಲಿ ಹಂಚಿಹೋಗದೆ ಒಂದೇ ಬದಿಯಲ್ಲಿ ಒಂದೇ ಪಟ್ಟಿಯಾಗಿ ಬರುವಂತೆ ಅಳತೆ ಹಾಕಬೇಕು.

ಗುರುತು ಉಳಿಯದ ತುಂಡು

ಈ ಟಿಪ್ಪಣಿಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಇದನ್ನು. ಒಂದು ತುಂಡು ಮತ್ತೆ ಬಳಕೆಗೆ ಬರುವುದು ಅದರ ಗಾತ್ರದಿಂದಲ್ಲ, ಅದರ ಗುರುತಿನಿಂದ. ಯಾವ ವಸ್ತು, ಎಷ್ಟು ದಪ್ಪ, ಯಾವ ಕಂಪನಿಯ ಯಾವ ಬಣ್ಣದ ಸಂಖ್ಯೆ, ಯಾವ ತಿಂಗಳಲ್ಲಿ ತಂದದ್ದು, ಈಗ ಎಷ್ಟು ಅಳತೆ ಉಳಿದಿದೆ ಎಂಬ ಐದು ಸಂಗತಿಗಳು ತುಂಡಿನ ಮೇಲೆಯೇ ಬರೆದಿರಬೇಕು. ಇವುಗಳಲ್ಲಿ ಮೊದಲ ನಾಲ್ಕು ಪೂರ್ತಿ ಶೀಟಿನ ಒಂದು ಮೂಲೆಯ ಚೀಟಿಯಲ್ಲಿ ಮಾತ್ರ ಇರುತ್ತವೆ, ಮತ್ತು ಆ ಮೂಲೆಯೇ ಸಾಮಾನ್ಯವಾಗಿ ಮೊದಲು ಕತ್ತರಿಸಿ ಹೋಗುತ್ತದೆ. ಆದ್ದರಿಂದ ಕತ್ತರಿಸಿದ ಕೈಯಲ್ಲೇ, ಯಂತ್ರ ಆರಿಸುವ ಮೊದಲೇ, ಉಳಿದ ತುಂಡಿನ ರಕ್ಷಣಾ ಹಾಳೆಯ ಮೇಲೆ ಮಾರ್ಕರಿನಿಂದ ಬರೆದುಬಿಡಬೇಕು. ನಾಳೆ ಬರೆಯುತ್ತೇನೆಂದು ಇಟ್ಟ ಬಿಳಿ ತುಂಡು ನಾಳೆ ಬರೇ ಬಿಳಿ ತುಂಡಾಗಿರುತ್ತದೆ.

ಬಿಳಿ ತುಂಡಿನಲ್ಲಿ ಏನು ತೊಂದರೆ ಎಂದು ಕೇಳಬಹುದು. ಅಕ್ರಿಲಿಕ್, ಪಾಲಿಕಾರ್ಬನೇಟ್, ಗಟ್ಟಿ ಪಿವಿಸಿ ಎಂಬ ಮೂರೂ ಪ್ಲಾಸ್ಟಿಕ್ ಹಾಳೆಗಳು ಬಿಳಿಯಾಗಿ, ನುಣುಪಾಗಿ, 3 ಮಿ.ಮೀ. ದಪ್ಪದಲ್ಲಿ ಸಿಗುತ್ತವೆ. ಅಕ್ರಿಲಿಕ್ಕನ್ನು ಲೇಸರ್ ಯಂತ್ರದಲ್ಲಿ ಕತ್ತರಿಸಿದರೆ ಅಂಚು ಗಾಜಿನಂತೆ ಹೊಳೆಯುತ್ತದೆ. ಅದೇ ಎಂದು ತಿಳಿದು ಪಿವಿಸಿ ತುಂಡನ್ನು ಲೇಸರಿಗೆ ಇಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ. ಅದು ತೇವದೊಂದಿಗೆ ಸೇರಿ ಆಮ್ಲವಾಗಿ ಯಂತ್ರದ ಹಳಿ, ಮಸೂರಗಳನ್ನು ತಿನ್ನುತ್ತದೆ, ಕೆಲಸಗಾರನ ಕಣ್ಣು ಮತ್ತು ಶ್ವಾಸಕೋಶಕ್ಕೂ ಹಾನಿ ಮಾಡುತ್ತದೆ. ಸನ್ ಬೋರ್ಡ್ ಎಂದು ನಾವು ಕರೆಯುವ ಹಗುರ ಹಾಳೆಯೂ ಬಹುಮಟ್ಟಿಗೆ ಪಿವಿಸಿಯೇ. ಅದು ರೌಟರಿಗೆ (ತಿರುಗುವ ಅಲಗಿನಿಂದ ಕತ್ತರಿಸುವ ಯಂತ್ರ) ಅಥವಾ ಚಾಕುವಿಗೆ ಸೇರಿದ್ದು, ಲೇಸರಿಗಲ್ಲ. ಗುರುತು ಅಳಿಸಿಹೋದ ತುಂಡಿಗೆ ಒಂದು ಹಳೆಯ ಪರೀಕ್ಷೆ ಇದೆ: ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ತುಂಡಿನ ಅಂಚಿಗೆ ತಾಗಿಸಿ, ಮತ್ತೆ ಜ್ವಾಲೆಗೆ ಹಿಡಿದಾಗ ಜ್ವಾಲೆ ಹಸಿರು ಬಣ್ಣಕ್ಕೆ ತಿರುಗಿದರೆ ಅದರಲ್ಲಿ ಕ್ಲೋರಿನ್ ಇದೆ ಎಂದರ್ಥ. ಇದನ್ನು ಬಯಲಲ್ಲಿ, ತಂತಿಯನ್ನು ಇಕ್ಕಳದಲ್ಲಿ ಹಿಡಿದು, ಥಿನ್ನರ್ ಡಬ್ಬಿಗಳಿಂದ ದೂರ ನಿಂತು ಮಾಡಬೇಕು. ಅಕ್ರಿಲಿಕ್ಕಿನಲ್ಲೇ ಅಚ್ಚಿನಲ್ಲಿ ಎರಕ ಹೊಯ್ದದ್ದು ಒಂದು, ಯಂತ್ರದಿಂದ ಒತ್ತಿ ಎಳೆದದ್ದು ಇನ್ನೊಂದು; ಲೇಸರಿನಿಂದ ಮೇಲ್ಮೈ ಕೆತ್ತಿದಾಗ ಮೊದಲನೆಯದು ಹಿಮದಂತೆ ಬಿಳಿಯಾಗುತ್ತದೆ, ಎರಡನೆಯದರಲ್ಲಿ ಕೆತ್ತನೆ ಮಸುಕಾಗಿ, ಕಾಣಿಸಿಯೂ ಕಾಣಿಸದಂತೆ ಉಳಿಯುತ್ತದೆ. ಕೆತ್ತಿದ ನಾಮಫಲಕ ಮಾಡುವವರಿಗೆ ಈ ಭೇದ ಮುಖ್ಯವಾದ್ದರಿಂದ ಅದನ್ನೂ ತುಂಡಿನ ಮೇಲೆ ಬರೆದಿಡುವುದು ಒಳ್ಳೆಯದು.

ಎಸಿಪಿಯಲ್ಲಿ ಇನ್ನೊಂದು ಗುರುತು ಸೇರುತ್ತದೆ. ಅದರ ರಕ್ಷಣಾ ಹಾಳೆಯ ಮೇಲೆ ಬಾಣದ ಗುರುತುಗಳಿರುತ್ತವೆ. ಲೋಹದ ಹೊಳಪಿನ ಬಣ್ಣಗಳಲ್ಲಿ ಎರಡು ತುಂಡುಗಳ ಬಾಣ ಬೇರೆ ಬೇರೆ ದಿಕ್ಕಿಗೆ ಇದ್ದರೆ, ಬೋರ್ಡ್ ಮೇಲೇರಿ ಬಿಸಿಲು ಬಿದ್ದ ಕೂಡಲೇ ಒಂದು ಕಡುಬಣ್ಣ, ಇನ್ನೊಂದು ತಿಳಿಬಣ್ಣ ಎನ್ನುವಂತೆ ಕಾಣುತ್ತದೆ. ಸಣ್ಣ ತುಂಡಿನಲ್ಲಿ ಅಚ್ಚಾದ ಬಾಣ ಉಳಿಯದೇ ಹೋಗಬಹುದು, ಕೈಯಿಂದ ಎಳೆದುಕೊಳ್ಳಬೇಕು.

ಬಿಸಿಲು, ದೂಳು, ಪತ್ರಾಸು

ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನ ಉಷ್ಣಾಂಶವೇ 40 ಡಿಗ್ರಿ ದಾಟುತ್ತದೆ. ನಮ್ಮಲ್ಲಿ ಹೆಚ್ಚಿನ ಕಾರ್ಯಾಗಾರಗಳು ಪತ್ರಾಸಿನ, ಅಂದರೆ ತಗಡು ಹೊದಿಸಿದ, ಶೆಡ್ಡುಗಳು. ಮಧ್ಯಾಹ್ನ ಪತ್ರಾಸಿನ ಕೆಳಗೆ, ಅಟ್ಟದ ಎತ್ತರದಲ್ಲಿ, ಕಾವು ಹೊರಗಿಗಿಂತ ಹೆಚ್ಚು. ಉಳಿಕೆ ವಸ್ತುಗಳನ್ನು ಎಲ್ಲರೂ ಇಡುವುದು ಆ ಅಟ್ಟದ ಮೇಲೆಯೇ. ನನ್ನ ದೃಷ್ಟಿಯಲ್ಲಿ ಇಲ್ಲಿನ ಉಳಿಕೆ ವಸ್ತು ಹಾಳಾಗಲು ಮೊದಲ ಕಾರಣ ಈ ಅಟ್ಟ.

ವಿನೈಲ್ ಸ್ಟಿಕರಿಗೆ ತಯಾರಕರು ಸಾಮಾನ್ಯವಾಗಿ ಸೂಚಿಸುವುದು 20 ಡಿಗ್ರಿಗಿಂತ ತುಸು ಹೆಚ್ಚಿನ ಉಷ್ಣಾಂಶ, ಸುಮಾರು ಶೇ 50ರ ಆರ್ದ್ರತೆ. ಅಷ್ಟು ತಂಪು ನಮಗೆ ಸಾಧ್ಯವಿಲ್ಲ, ಆದರೆ ಶೆಡ್ಡಿನಲ್ಲಿ ಅತಿ ಕಡಿಮೆ ಕಾವಿರುವ ಜಾಗವನ್ನು ಹುಡುಕಿಕೊಳ್ಳಲು ಸಾಧ್ಯವಿದೆ. ಶಹಾಬಾದ್ ಫರಸಿ ಕಲ್ಲು ಹಾಸಿದ ನೆಲದ ಹತ್ತಿರ, ಉತ್ತರ ದಿಕ್ಕಿನ ಗೋಡೆಯ ಬದಿಗೆ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ನಿಲ್ಲಿಸಿದ ರೋಲು ಅಟ್ಟದ ಮೇಲಿನ ರೋಲಿಗಿಂತ ಹೆಚ್ಚು ಕಾಲ ಬಾಳುತ್ತದೆ. ಕಾವಿಗೆ ವಿನೈಲಿನ ಅಂಟು ಮೆತ್ತಗಾಗಿ ಅಂಚಿನಿಂದ ಹೊರಗೆ ಒಸರುತ್ತದೆ; ಒಸರಿದ ಅಂಟಿಗೆ ನಮ್ಮ ಊರಿನ ದೂಳು ಮೆತ್ತಿಕೊಳ್ಳುತ್ತದೆ; ಆ ಅಂಚು ವಿನೈಲ್ ಕತ್ತರಿಸುವ ಯಂತ್ರವಾದ ಪ್ಲಾಟರಿನ ರಬ್ಬರ್ ಗಾಲಿಗಳ ಕೆಳಗೆ ಹೋದಾಗ ರೋಲು ಓರೆಯಾಗಿ ಸರಿದು ಅಕ್ಷರ ಕೆಡುತ್ತದೆ. ಆದ್ದರಿಂದ ಉಳಿದ ರೋಲನ್ನು ಬಿಗಿಯಾಗಿ ಸುತ್ತಿ, ಕಾಗದದ ಟೇಪಿನಿಂದ ಹಗುರವಾಗಿ ಕಟ್ಟಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ನೆಟ್ಟಗೆ ನಿಲ್ಲಿಸಬೇಕು ಅಥವಾ ಸರಳಿಗೆ ತೂಗುಹಾಕಬೇಕು. ಒಂದರ ಮೇಲೊಂದು ಮಲಗಿಸಿದರೆ ಕೆಳಗಿನ ರೋಲು ಚಪ್ಪಟೆಯಾಗಿ ಅದರ ಮೇಲೆ ಅಡ್ಡಗೆರೆಗಳು ಮೂಡುತ್ತವೆ. ಮಳೆಗಾಲದಲ್ಲಿ ಸಮಸ್ಯೆ ಬೇರೆ: ವಿನೈಲಿನ ಹಿಂಬದಿ ಕಾಗದ ತೇವ ಹೀರಿ ಮುದುಡುತ್ತದೆ. ಚೀಲ ಆಗಲೂ ಬೇಕು.

ಹಳೆಯ ವಿನೈಲ್ ತುಂಡನ್ನು ಬಳಸುವ ಮೊದಲು ಬೆರಳಗಲದ ಒಂದು ಚೂರನ್ನು ಸ್ವಚ್ಛವಾದ ಎಸಿಪಿ ಮೇಲೆ ಅಂಟಿಸಿ ಒಂದು ದಿನ ಬಿಟ್ಟು ಕಿತ್ತು ನೋಡಬೇಕು. ಬಿಗಿಯಾಗಿ ಹಿಡಿದು, ಎಳೆದಾಗ ಒಂದೇ ಸಮನೆ ಎದ್ದುಬಂದರೆ ಬಳಸಬಹುದು. ತಾನಾಗಿ ಅಂಚು ಎದ್ದಿದ್ದರೆ, ಅಥವಾ ಹಾಳೆ ಗರಿಗರಿಯಾಗಿ ಹರಿದರೆ, ಅದನ್ನು ಹೊರಗಿನ ಬೋರ್ಡಿಗೆ ಹಾಕಬಾರದು.

ಅಕ್ರಿಲಿಕ್ ಹಾಳೆಗಳ ತೂಕವನ್ನು ಹೊಸಬರು ಕಡಿಮೆ ಅಂದಾಜು ಮಾಡುತ್ತಾರೆ. 8×4 ಅಡಿಯ 5 ಮಿ.ಮೀ. ಹಾಳೆ ಒಂದೇ ಸುಮಾರು 17 ಕಿಲೋಗಿಂತ ಹೆಚ್ಚು ತೂಗುತ್ತದೆ. ಹತ್ತು ಹಾಳೆ ಒರಗಿಸಿಟ್ಟರೆ 170 ಕಿಲೋ ದಾಟುತ್ತದೆ. ತೀರಾ ನೆಟ್ಟಗೆ ನಿಲ್ಲಿಸಿದರೆ ಮುಂದಕ್ಕೆ ಬೀಳುತ್ತವೆ, ತೀರಾ ಓರೆಯಾಗಿ ಒರಗಿಸಿದರೆ ಕಾವಿಗೆ ಬಾಗಿ ಅದೇ ಬಾಗು ಉಳಿಯುತ್ತದೆ. ಲಂಬದಿಂದ ಹತ್ತು ಡಿಗ್ರಿಯಷ್ಟು ಓರೆ, ಹಿಂದೆ ಪೂರ್ತಿ ಆಧಾರ ಕೊಡುವ ಪ್ಲೈವುಡ್, ಮುಂದೆ ಒಂದು ಸರಪಳಿ ಇಷ್ಟಿದ್ದರೆ ಸಾಕು. ಚಿಕ್ಕ ತುಂಡುಗಳನ್ನು ದೊಡ್ಡ ಹಾಳೆಗಳ ಹಿಂದೆ ಸಿಕ್ಕಿಸಬಾರದು. ಕಾಣದ ತುಂಡನ್ನು ಯಾರೂ ಹುಡುಕುವುದಿಲ್ಲ, ಹುಡುಕಲು ಹೋದವನು ದೊಡ್ಡ ಹಾಳೆ ಬೀಳಿಸಿಕೊಳ್ಳುತ್ತಾನೆ. ರಕ್ಷಣಾ ಹಾಳೆಯನ್ನು ಕೀಳದೆ ಇಡಬೇಕು, ಆದರೆ ಬಿಸಿಲು ಬೀಳುವಲ್ಲಿ ಇಡಬಾರದು. ಬಿಸಿಲಿಗೆ ಬಿದ್ದ ರಕ್ಷಣಾ ಹಾಳೆಯ ಅಂಟು ಬೆಂದು ಅಕ್ರಿಲಿಕ್ಕಿಗೂ ಎಸಿಪಿಗೂ ಕಚ್ಚಿಕೊಂಡುಬಿಡುತ್ತದೆ.

ಎಲ್ಲಿ ಬಳಸುವುದು

ಕನ್ನಡ ಅಕ್ಷರಗಳ ರೂಪವೇ ಉಳಿಕೆಗೆ ಕೆಲಸ ಕೊಡುತ್ತದೆ ಎಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ. ‘ವಸ್ತ್ರ ಭಂಡಾರ’ ಎಂದು ಅಕ್ರಿಲಿಕ್ ಅಕ್ಷರಗಳನ್ನು ಒಂದೇ ಸಾಲಿನಲ್ಲಿ ಕತ್ತರಿಸಲು ಇಟ್ಟರೆ, ‘ಸ್ತ್ರ’ದ ಕೆಳಗೆ ಇಳಿಯುವ ಎರಡು ಒತ್ತುಗಳಿಗಾಗಿ ಇಡೀ ಸಾಲಿನ ಕೆಳಗೆ ಒಂದು ಪಟ್ಟಿ ಖಾಲಿ ಬೀಳುತ್ತದೆ. ಒತ್ತು ಮೂಲಾಕ್ಷರಕ್ಕೆ ತಾಗದಂತೆ ಇರುವ ಅಕ್ಷರಶೈಲಿಯಾದರೆ ಒತ್ತುಗಳನ್ನು ಬೇರೆ ಮಾಡಿ ಉಳಿಕೆ ತುಂಡಿನಲ್ಲಿ ಕತ್ತರಿಸಿ, ಕಾಗದದ ಮಾದರಿ ಇಟ್ಟು ಜಾಗಕ್ಕೆ ಕೂರಿಸಬಹುದು. ಅನುಸ್ವಾರದ ಸೊನ್ನೆ, ದೀರ್ಘದ ಗುರುತು ಇವೂ ಹಾಗೆಯೇ. ನಮ್ಮ ಊರಿನ ಬೋರ್ಡುಗಳಲ್ಲಿ ಕನ್ನಡ, ಇಂಗ್ಲಿಷಿನ ಜೊತೆಗೆ ಉರ್ದುವೂ ಇರುತ್ತದೆ. ಉರ್ದು ಅಕ್ಷರಗಳ ನುಕ್ತೆಗಳಿಗೆ, ಅಂದರೆ ಚುಕ್ಕೆಗಳಿಗೆ, ಎರಡು ಇಂಚಿನ ಚೂರು ಸಾಕು. ಇಲ್ಲಿ ಒಂದೇ ಎಚ್ಚರಿಕೆ: ಒತ್ತು ಮತ್ತು ಮೂಲಾಕ್ಷರ ಒಂದೇ ಸಲ ತಂದ ಹಾಳೆಯದ್ದಾಗಿರಬೇಕು. ಬಣ್ಣದ ಸಂಖ್ಯೆ ಒಂದೇ ಇದ್ದರೂ ಬೇರೆ ಬೇರೆ ಸಲ ತಯಾರಾದ ಹಾಳೆಗಳಲ್ಲಿ ತುಸು ಛಾಯಾಭೇದ ಇರಬಹುದು, ಮತ್ತು ಹಿಂದಿನಿಂದ ದೀಪ ಹಚ್ಚಿದಾಗ ಆ ಭೇದ ಎದ್ದು ಕಾಣುತ್ತದೆ. ತಂದ ತಿಂಗಳನ್ನು ತುಂಡಿನ ಮೇಲೆ ಬರೆಯಲು ಹೇಳಿದ್ದು ಇದಕ್ಕಾಗಿ.

ವಿನೈಲಿನ ಸಣ್ಣ ತುಂಡು ಪ್ಲಾಟರಿನ ಎರಡು ಗಾಲಿಗಳಿಗೆ ಎಟುಕುವುದಿಲ್ಲ. ಅಂಥ ತುಂಡನ್ನು ಅಗಲವಾದ ಖಾಲಿ ಹಿಂಬದಿ ಕಾಗದದ ಮೇಲೆ ನಾಲ್ಕೂ ಅಂಚಿಗೆ ಟೇಪು ಹಾಕಿ ಕೂರಿಸಿ, ಕತ್ತರಿಸುವ ಆರಂಭದ ಬಿಂದುವನ್ನು ತುಂಡಿನ ಮೂಲೆಗೆ ಹೊಂದಿಸಿದರೆ ಕೆಲಸ ಆಗುತ್ತದೆ. ಆದರೂ ಒಂದು ಅಡಿಗಿಂತ ಕಿರಿದಾದ ವಿನೈಲನ್ನು ಎಲ್ಲ ಬಣ್ಣದಲ್ಲೂ ಕೂಡಿಡುವುದು ವ್ಯರ್ಥ. ಕೆಂಪು, ಬಿಳಿ, ಕಪ್ಪು, ಹಳದಿಗಳನ್ನು ಇಡಿ, ಏಕೆಂದರೆ ಎಚ್ಚರಿಕೆ ಫಲಕಗಳಿಗೆ ಅವೇ ಬೇಕು. ಅಪರೂಪದ ಬಣ್ಣದ ಚೂರನ್ನು ಬಿಟ್ಟುಬಿಡಿ.

ಎಲ್‌ಇಡಿ ಮಾಡ್ಯೂಲುಗಳಲ್ಲಿ ಉಳಿದ ಸರಗಳನ್ನು ವ್ಯಾಟ್ ಮತ್ತು ಬಿಳುಪಿನ ಛಾಯೆ ಬರೆದು ಬೇರೆ ಬೇರೆ ಚೀಲದಲ್ಲಿ ಇಡಬೇಕು. 12 ವೋಲ್ಟಿನ, 60 ವ್ಯಾಟಿನ ಎಸ್‌ಎಂಪಿಎಸ್ (ದೀಪಗಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಮೇಲೆ ಶೇ 80ಕ್ಕಿಂತ ಹೆಚ್ಚು ಭಾರ ಹಾಕಬಾರದು ಎಂಬ ಲೆಕ್ಕದಲ್ಲಿ 48 ವ್ಯಾಟ್, ಅಂದರೆ ಒಂದೂವರೆ ವ್ಯಾಟಿನ 32 ಮಾಡ್ಯೂಲು. ವ್ಯಾಟ್ ಗೊತ್ತಿಲ್ಲದ ಸರ ಸೇರಿಸಿದರೆ ಈ ಲೆಕ್ಕವೇ ತಪ್ಪುತ್ತದೆ.

ಕಬ್ಬಿಣದ ಚೌಕ ಪೈಪಿನ ತುಂಡುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಕತ್ತರಿಸಿದ ತುದಿಗೆ ಪ್ರೈಮರ್ ಹಚ್ಚಿ, ಉದ್ದದ ಪ್ರಕಾರ ನಿಲ್ಲಿಸಿದರೆ ಮೂಲೆ ಆಧಾರಗಳಿಗೆ, ಗೋಡೆ ಹಿಡಿಕೆಗಳಿಗೆ ಖರ್ಚಾಗುತ್ತವೆ. ಎನಾಮೆಲ್ ಬಣ್ಣ ಅರ್ಧ ಡಬ್ಬಿಗಿಂತ ಕಡಿಮೆ ಉಳಿದರೆ ಚಿಕ್ಕ ಡಬ್ಬಿಗೆ ಸುರಿಯಬೇಕು. ಒಳಗೆ ಗಾಳಿ ಕಡಿಮೆಯಾದಷ್ಟು ಕೆನೆ ಕಟ್ಟುವುದು ಕಡಿಮೆ. ಎಣ್ಣೆ ಬಣ್ಣ ಒರೆಸಿದ ಬಟ್ಟೆಗಳನ್ನು ಮಾತ್ರ ಉಂಡೆ ಮಾಡಿ ಮೂಲೆಗೆ ಎಸೆಯಬಾರದು. ಅವು ಒಣಗುವಾಗ ತಾವಾಗಿ ಕಾವೇರಿ ಹೊತ್ತಿಕೊಳ್ಳಬಲ್ಲವು, ನಮ್ಮ ಬೇಸಿಗೆಯಲ್ಲಂತೂ ಆ ಅಪಾಯ ಇನ್ನೂ ಹೆಚ್ಚು. ಹೊರಗೆ ಹರವಿ ಒಣಗಿಸಬೇಕು.

ಕೆಳಗಿಳಿದ ಬೋರ್ಡುಗಳು ಮತ್ತು ಫ್ಲೆಕ್ಸ್

ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಹಳೆಯ ಬೋರ್ಡ್ ಬದಲಿಸುವ ಕೆಲಸವೂ ನಮ್ಮ ಕಸುಬಿನ ಪಾಲಿಗೆ ಬಂದಿದೆ. ಇಳಿಸಿದ ಎಸಿಪಿಯನ್ನು ಗುಜರಿಗೆ ಹಾಕುವ ಮೊದಲು ಹಾಟ್ ಏರ್ ಗನ್ನಿನಿಂದ ಹಳೆಯ ವಿನೈಲನ್ನು ಬಿಸಿ ಮಾಡಿ ಕಿತ್ತು ನೋಡಬೇಕು. ಅಕ್ಷರ ಇದ್ದ ಕಡೆ ಮೂಲ ಬಣ್ಣ ಉಳಿದು, ಸುತ್ತ ಬಿಸಿಲಿಗೆ ಮಾಸಿದ್ದರೆ ಆ ಮುಖವನ್ನು ಹೊಸ ಬೋರ್ಡಿಗೆ ತಿಳಿಬಣ್ಣದ ಹಿನ್ನೆಲೆಯಾಗಿ ಬಳಸಲಾಗದು. ಪೂರ್ತಿ ವಿನೈಲ್ ಹೊದಿಸಿ ಬಳಸಬಹುದು, ಅಥವಾ ದೀಪದ ಪೆಟ್ಟಿಗೆಯ ಹಿಂಬದಿಗೆ ಹಾಕಬಹುದು. ಎಸಿಪಿಯ ಹಿಂಬದಿಗೆ ಮುಂಭಾಗದಷ್ಟು ಗಟ್ಟಿ ಬಣ್ಣದ ಲೇಪ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ತಿರುವಿ ಹಾಕಿ ಹೊರಗೆ ನಿಲ್ಲಿಸುವ ಯೋಚನೆ ಬೇಡ. ಎರಡು ಅಲ್ಯೂಮಿನಿಯಂ ಪದರಗಳ ನಡುವೆ ಪ್ಲಾಸ್ಟಿಕ್ ಇರುವುದರಿಂದ ಗುಜರಿಯಲ್ಲೂ ಅದಕ್ಕೆ ಶುದ್ಧ ಅಲ್ಯೂಮಿನಿಯಮ್ಮಿನ ಬೆಲೆ ಸಿಗದು.

ಫ್ಲೆಕ್ಸಿನ ವಿಚಾರದಲ್ಲಿ ಕರ್ನಾಟಕ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಬ್ಯಾನರ್, ಫ್ಲೆಕ್ಸುಗಳನ್ನು ನಿಷೇಧಿಸಿದೆ. 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರುಗಳಿಗೆ 2022ರ ಜುಲೈ 1ರಿಂದ ದೇಶದೆಲ್ಲೆಡೆ ನಿಷೇಧವಿದೆ. ಹಾಗಿದ್ದರೂ ಹಳೆಯ ಫ್ಲೆಕ್ಸ್ ಕಾರ್ಯಾಗಾರಗಳಲ್ಲಿ ರಾಶಿ ಬಿದ್ದಿದೆ. ಅದನ್ನು ಸುಡಲೇಬಾರದು, ಅದು ಪಾಲಿಯೆಸ್ಟರ್ ಬಲೆಯ ಮೇಲೆ ಲೇಪಿಸಿದ ಪಿವಿಸಿ, ಸುಟ್ಟರೆ ಮೇಲೆ ಹೇಳಿದ ಆಮ್ಲದ ಅನಿಲದ ಜೊತೆಗೆ ಡಯಾಕ್ಸಿನ್ ಎಂಬ ವಿಷವಸ್ತುಗಳೂ ಹುಟ್ಟುತ್ತವೆ. ಶೀಟುಗಳ ನಡುವೆ ಗೀರು ಬೀಳದಂತೆ ಹಾಸಲು, ಬಣ್ಣ ಹೊಡೆಯುವಾಗ ನೆಲಕ್ಕೆ ಹೊದಿಸಲು, ಗಾಡಿಯಲ್ಲಿ ಬೋರ್ಡ್ ಸುತ್ತಿ ಒಯ್ಯಲು ಅದು ಚೆನ್ನಾಗಿ ಬಾಳುತ್ತದೆ. ತೊಗರಿ ಒಕ್ಕಣೆಯ ಸಮಯದಲ್ಲಿ ರೈತರು ಕೇಳಿಕೊಂಡು ಬಂದರೆ, ರಾಶಿಯ ಮೇಲೆ ಮಳೆಗೆ ಮುಚ್ಚಲು ಕೊಡಬಹುದು. ಕಾಳನ್ನು ಅದರ ಮೇಲೆಯೇ ಹರವಿ ಒಣಗಿಸದಂತೆ, ಮಸಿಯ ಬದಿ ಕಾಳಿಗೆ ತಾಗದಂತೆ ಹೇಳಿ ಕೊಡಬೇಕು, ಮತ್ತು ಕೊಡುವ ಮೊದಲು ಅಂಚಿನ ಲೋಹದ ಐಲೆಟ್‌ಗಳು (ಹಗ್ಗ ಕಟ್ಟುವ ತೂತಿನ ಬಳೆಗಳು) ಸಡಿಲವಾಗಿದ್ದರೆ ಕಿತ್ತು ತೆಗೆಯಬೇಕು.